ಹಾಸಿಗೆ ಬದಲಾದ ದಿನ

ಪರದೆಯ ಮೇಲೆ ಕೆಂಪು ಗೆರೆ ಮೂಡಿದ್ದೇ ತಡ, ಅವಳ ಬೆರಳುಗಳು ಕೀಲಿಮಣೆಯ ಮೇಲೆ ಹಾಗೇ ನಿಂತವು. ಆಸ್ಪತ್ರೆಯ ಔಷಧಿ ಚೀಟಿ ಮುದ್ರಿಸುವ ಪ್ರೋಗ್ರಾಮಿನಲ್ಲಿ, ಏನು ಕೊಟ್ಟರೂ ಕಣ್ಣು ಮುಚ್ಚಿ ನುಂಗುತ್ತಿದ್ದ ಹಳೆಯ ಮೆಥಡ್, ಅಂದರೆ ಒಂದು ಕೆಲಸಕ್ಕೆಂದು ಬರೆದ ಕೋಡಿನ ತುಣುಕು, ಒಂದಿತ್ತು. ಅದನ್ನು ಅವಳು ಆಗಷ್ಟೇ ಜೆನೆರಿಕ್ ಮೆಥಡ್ ಆಗಿ ತಿದ್ದಿದ್ದಳು. ಹೊಸದೂ ಎಲ್ಲ ಬಗೆಯ ಪಟ್ಟಿಗೂ ಒದಗುತ್ತದೆ. ಆದರೆ ರೋಗಿಗಳ ಪಟ್ಟಿ ಎಂದು ಹೇಳಿದ ಮೇಲೆ ರೋಗಿಯ ಸಂಖ್ಯೆಯನ್ನೇ ಕೇಳುತ್ತದೆ; ಬೇರೆ ಕೊಟ್ಟರೆ ಕೆಂಪು ಗೆರೆ ಎಳೆಯುತ್ತದೆ. ಇಲ್ಲಿ ಹಿಂದೆ ಯಾರೋ ಅದರ ಬದಲು ಹಾಸಿಗೆಯ ಸಂಖ್ಯೆ ಕೊಟ್ಟಿದ್ದರು.

"ಮೊದಲಿದ್ದ ಹಾಗೇ ಬಿಟ್ಬಿಡಮ್ಮ. ಮೂರು ವರ್ಷದಿಂದ ಓಡ್ತಾ ಇದೆಯಲ್ಲ," ಎಂದರು ಹಿಂದೆ ನಿಂತಿದ್ದ ಮ್ಯಾನೇಜರು.

"ರೋಗಿ ಹಾಸಿಗೆ ಬದಲಾಯಿಸಿದ್ರೆ, ಅಲ್ಲಿ ಮೊದಲಿದ್ದವರ ಔಷಧಿ ಬರುತ್ತೆ ಸಾರ್..." ಮಾತು ಮುಗಿಯುವ ಮೊದಲೇ ಅವಳಿಗೆ ಅಕ್ಕನ ನೆನಪಾಯಿತು. ಅದೇ ಆಸ್ಪತ್ರೆಯಲ್ಲಿದ್ದ ಅಕ್ಕ ಬೆಳಿಗ್ಗೆ ಫೋನಿನಲ್ಲಿ ಹಿಗ್ಗಿದ್ದಳು: "ಕಿಟಕಿ ಪಕ್ಕದ ಹಾಸಿಗೆ ಕೊಟ್ರು ಕಣೇ!"

ತಕ್ಷಣ ಫೋನು ಹಚ್ಚಿ ಸ್ಪೀಕರ್ ಒತ್ತಿದಳು. "ಅಕ್ಕಾ, ಮಾತ್ರೆ ತಗೊಂಡ್ಯಾ?"

"ಈಗ ತಂದಿಟ್ರು. ನೀರಿಗೆ ಕಾಯ್ತಿದೀನಿ."

"ಬಾಯಿಗೆ ಹಾಕ್ಬೇಡ! ಚೀಟೀಲಿ ಯಾರ ಹೆಸರಿದೆ ನೋಡು."

ಕಾಗದ ಸರಸರ ಎಂದಿತು. ಆಮೇಲೆ ಅಕ್ಕನ ಸ್ವರ ಸಣ್ಣಗಾಯಿತು. "ಇದು ಯಾರೋ ಗಂಡಸಿನ ಹೆಸರು ಕಣೇ."

ಮ್ಯಾನೇಜರು ಆಸ್ಪತ್ರೆಗೆ ತಿಳಿಸಲು ಮೇಜಿನ ಫೋನಿನತ್ತ ಧಾವಿಸಿದರು.