ಎರಡೂ ಕಡೆಯ ಅಭ್ಯರ್ಥಿ

"ಅಧ್ಯಕ್ಷ ಆದ ಮೇಲೆ ನೀನು ಎಂತ ಮಾಡ್ತಿ ಅಂತ ನಾನು ಕೇಳಿದ್ದಲ್ಲ ಯೂಜಿನ್. ಇಷ್ಟು ವರ್ಷ ಕಾರ್ಯದರ್ಶಿ ಆಗಿದ್ದಿಯಲ್ಲ, ಆಚೆ ಕಡೆಯವರಿಗಾಗಿ ಮಾಡಿದ ಒಂದೇ ಒಂದು ಕೆಲಸ ಹೇಳು."

ರೆಜಿನಾ ಟೀಚರ್ ಇಷ್ಟು ಹೇಳಿ ಕೂತುಬಿಟ್ಟರು. ಅವರು ಯಾವ ಗುಂಪಿಗೂ ಸೇರಿದವರಲ್ಲ. ಸಭೆಯಲ್ಲಿದ್ದವರ ಮಕ್ಕಳಿಗೆಲ್ಲ ಮಗ್ಗಿ ಕಲಿಸಿದವರಾದ್ದರಿಂದ ಅವರ ಬಾಯಿ ಮುಚ್ಚಿಸುವ ಧೈರ್ಯವೂ ಯಾರಿಗೂ ಇರಲಿಲ್ಲ. ಅಬ್ಬಾಸಿಯಾದ ಆ ಸಭಾಂಗಣದಲ್ಲಿ ಜನ ಎಂದಿನಂತೆ ನಡುವೆ ದಾರಿ ಬಿಟ್ಟು ಕೂತಿದ್ದರು. ಎಡಕ್ಕೆ ಅಬ್ಬಾಸಿಯಾ ಬಡಾವಣೆಯವರು, ಬಲಕ್ಕೆ ಸಾಲ್ಮಿಯಾ ಬಡಾವಣೆಯವರು. ಕುವೈತಿನ ಕರಾವಳಿಗರ ಸಂಘ ಕಾಗದದ ಮೇಲೆ ಒಂದೇ; ವಾರ್ಷಿಕೋತ್ಸವ ಮಾತ್ರ ಎರಡು, ಅದೂ ಹಠಕ್ಕೆ ಬಿದ್ದು ಒಂದೇ ಶುಕ್ರವಾರ. ಈ ಹಠ ಶುರುವಾದದ್ದು ಯಾವುದೋ ತ್ರೋಬಾಲ್ ಆಟದಲ್ಲಿ ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂಬ ವಿಷಯಕ್ಕೆ. ಹೇಳಿಕೊಳ್ಳುವುದಕ್ಕೂ ನಾಚಿಕೆ.

"ನಾನು ಬಂದರೆ ಎರಡೂ ಕಡೆಗೆ ಒಂದೇ ವೇದಿಕೆ." ಶುವೈಖ್‌ನ ಗ್ಯಾರೇಜೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಯೂಜಿನ್‌ನ ಪ್ರಚಾರವೆಲ್ಲ ಈ ಒಂದು ಮಾತಿನ ಮೇಲೆ ನಿಂತಿತ್ತು. ಅಬ್ಬಾಸಿಯಾದ ವೋಟುಗಳು ಅವನ ಕಿಸೆಯಲ್ಲೇ ಇದ್ದವು. ಆದರೆ ಅಷ್ಟರಿಂದ ಗೆಲ್ಲಲಾಗದು. ಸಾಲ್ಮಿಯಾದ ಕಡೆಯಿಂದ ನಾಲ್ಕು ಕೈ ಎದ್ದರೆ ಗೆಲುವು, ಏಳದಿದ್ದರೆ ಇಲ್ಲ. ಕೈ ಎತ್ತುವ ಹೊತ್ತು ಹತ್ತಿರ ಬಂದು, ಇಡೀ ಸಭೆಯೇ ಕುರ್ಚಿಯ ತುದಿಗೆ ಬಂದು ಕೂತಿತ್ತು.

ಯೂಜಿನ್ ನಗುತ್ತಾ ಒಟ್ಟಿಗೆ ಹಾಡುವ ಗಾಯನ ತಂಡದ ಬಗ್ಗೆ, ಒಟ್ಟಿಗೆ ಮಾಡುವ ಪಿಕ್ನಿಕ್ಕಿನ ಬಗ್ಗೆ ಹೇಳತೊಡಗಿದ. "ಅದು ಮುಂದಿನದ್ದು. ನಾನು ಕೇಳಿದ್ದು ಹಿಂದಿನದ್ದು," ಎಂದರು ಟೀಚರ್. ಬಲಗಡೆ ಕಿಸಕ್ಕೆಂದು ನಗು ಎದ್ದಿತು. ವೇದಿಕೆಯ ಕೆಳಗೆ ನಿಂತಿದ್ದ ಮೋರಿಸ್, ಯೂಜಿನ್‌ನ ಜೀವದ ಗೆಳೆಯ, ಅವನ ಪ್ರಚಾರದ ಪೂರಾ ಭಾರ ಹೊತ್ತವನು, ಏನಾದರೂ ಹೇಳು ಮಾರಾಯ ಎಂದು ಕೈಸನ್ನೆ ಮಾಡುತ್ತಲೇ ಇದ್ದ.

ಹೇಳುವುದಕ್ಕೆ ಇತ್ತು. ಅದು ಗೊತ್ತಿದ್ದದ್ದು ಮೂವರಿಗೇ: ಯೂಜಿನ್‌ಗೆ, ಮುಂದಿನ ಸಾಲಿನಲ್ಲಿದ್ದ ಅವನ ಹೆಂಡತಿ ಬೆಟ್ಟಿಗೆ, ಸಾಲ್ಮಿಯಾ ಗುಂಪಿನ ಮುಖಂಡ ಕೊನ್ರಾಡ್‌ಗೆ. ಬೆಟ್ಟಿ ಬೇಡ ಬೇಡ ಎಂದು ತಲೆಯಾಡಿಸಿದಳು. ಕೊನ್ರಾಡ್ ಎ.ಸಿ.ಯನ್ನು ಈಗಷ್ಟೇ ಮೊದಲ ಸಲ ನೋಡುವವನ ಹಾಗೆ ಅದನ್ನೇ ನೋಡುತ್ತಿದ್ದ. ಯೂಜಿನ್ ಒಮ್ಮೆ ಮೋರಿಸ್‌ನ ಮುಖ ನೋಡಿದ. ಆಮೇಲೆ ಹೇಳಿಯೇಬಿಟ್ಟ.

ಎರಡು ವರ್ಷದ ಹಿಂದಿನ ವಾರ್ಷಿಕೋತ್ಸವದ ಬೆಳಿಗ್ಗೆ ಕೊನ್ರಾಡ್ ಗ್ಯಾರೇಜಿಗೆ ಬಂದಿದ್ದ, ಕೈಯಲ್ಲಿ ಸುಟ್ಟ ಆಂಪ್ಲಿಫೈಯರ್ ಹಿಡಿದುಕೊಂಡು. ಸುಲೈಬಿಯಾದ ತೋಟದಲ್ಲಿ ಸಾಲ್ಮಿಯಾದವರ ಪುಟ್ಟ ಮಕ್ಕಳು ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ ಕೂತಿದ್ದರು. ಕ್ಯಾಸೆಟ್ಟಿನ ಹಾಡು ಕೇಳಿಸದೆ ಅವರು ಕುಣಿಯುವುದು ಹೇಗೆ? ಶುಕ್ರವಾರ ಬೆಳಿಗ್ಗೆ ಅಂಗಡಿಗಳೆಲ್ಲ ಬಂದ್. ಅಬ್ಬಾಸಿಯಾದ ಮೈಕ್ ಸೆಟ್ ಕಾರ್ಯದರ್ಶಿಯಾದ ಯೂಜಿನ್‌ನ ಸುಪರ್ದಿಯಲ್ಲಿ ಅಲ್ಲೇ ಇತ್ತು; ಅದನ್ನು ಒಯ್ಯಲೆಂದೇ ಅವನು ಬೆಟ್ಟಿಯ ಜೊತೆ ರಜೆಯ ದಿನ ಗ್ಯಾರೇಜಿಗೆ ಬಂದಿದ್ದ. ಎರಡೂ ಒಂದೇ ಅಂಗಡಿಯಲ್ಲಿ ಕೊಂಡ ಒಂದೇ ಕಂಪನಿಯ ಸೆಟ್ಟುಗಳು. ಅವನು ಒಳ್ಳೆಯದನ್ನು ಬೆಡ್‌ಶೀಟಿನಲ್ಲಿ ಸುತ್ತಿ ಬೆಟ್ಟಿಯ ತೊಡೆಯ ಮೇಲಿಟ್ಟು, ಕಾರಿನಲ್ಲಿ ಸುಲೈಬಿಯಾಕ್ಕೆ ಮುಟ್ಟಿಸಿ ಬಂದ. ಸುಟ್ಟದ್ದನ್ನು ತಂದು ತನ್ನವರ ವೇದಿಕೆಯ ಮೇಲಿಟ್ಟ.

"ಮಕ್ಕಳ ಮುಖ ನೆನಪಾಯ್ತು, ಕೊಟ್ಟೆ," ಎಂದ ಯೂಜಿನ್. "ನಮ್ಮದು ಸುಟ್ಟುಹೋಯ್ತು ಅಂತ ನಿಮಗೆಲ್ಲ ಸುಳ್ಳು ಹೇಳಿದೆ."

ಬಲಗಡೆ ಯಾರೋ ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು. ಕೊನ್ರಾಡ್ ಎದ್ದು ನಿಂತು, ಇದು ನಿಜ, ಬಾಯಿ ಬಿಡಬಾರದೆಂದು ಯೂಜಿನ್ ತನ್ನಿಂದ ಆಣೆ ಹಾಕಿಸಿಕೊಂಡಿದ್ದ ಎಂದ. ಅಷ್ಟಕ್ಕೇ ಎಡಗಡೆ ಭುಗಿಲೆದ್ದಿತು. ಇವನು ನಮ್ಮವನೋ ಅವರವನೋ ಎಂದು ಒಬ್ಬರು, ಆಚೆಯವರ ಮಕ್ಕಳಿಗಾಗಿ ನಮ್ಮ ಹಬ್ಬ ಹಾಳು ಮಾಡಿದ ಎಂದು ಇನ್ನೊಬ್ಬರು. ಆದರೆ ಎಲ್ಲರ ಕಣ್ಣು ಹೋದದ್ದು ಮೋರಿಸ್‌ನ ಕಡೆಗೆ. ಆ ಹಬ್ಬಕ್ಕೆಂದು ತಿಂಗಳುಗಟ್ಟಲೆ ಹಾಡು ಕಲಿತು, ಹೊಸ ಕೋಟು ಹೊಲಿಸಿ, ಮೈಕಿಲ್ಲದೆ ಗಂಟಲು ಹರಿಯುವಂತೆ ಹಾಡಿದವನು ಅವನೇ. ಮೂರನೇ ಸಾಲಿನಲ್ಲಿ ಕೂತವರಿಗೇ ಅವನ ಬಾಯಿ ಕಾಣಿಸಿತ್ತೇ ಹೊರತು ಹಾಡು ಕೇಳಿಸಿರಲಿಲ್ಲ. ಅಂದಿನಿಂದ ಪೋಕರಿಗಳಿಗೆ ಅವನು 'ಮೂಕಿ ಮೋರಿಸ್'. ಆಮೇಲೆ ಅವನು ಎಲ್ಲಿಯೂ ಹಾಡಿರಲಿಲ್ಲ. ಕೆಟ್ಟ ಮಾಲು ಕೊಟ್ಟನೆಂದು ಆ ಅಂಗಡಿಯವನ ಜೊತೆ ಇವತ್ತಿಗೂ ಮಾತು ಬಿಟ್ಟಿದ್ದ.

ಮೋರಿಸ್ ವೇದಿಕೆ ಹತ್ತಿದ. ಮುಖ ಕೆಂಪಗಾಗಿತ್ತು. ಹೊಡೆದೇ ಹೊಡೆಯುತ್ತಾನೆಂದು ಬೆಟ್ಟಿ ಕಣ್ಣು ಮುಚ್ಚಿದಳು. ಯೂಜಿನ್ ಮಾತ್ರ ಇದ್ದಲ್ಲಿಂದ ಕದಲಲಿಲ್ಲ. ಹೊಡೆದರೆ ಹೊಡೆಯಲಿ, ಇವನಿಗೆ ಹೊಡೆಯುವ ಹಕ್ಕಿದೆ ಎಂದು ಅವನಿಗೆ ನಿಜಕ್ಕೂ ಅನ್ನಿಸಿತ್ತು.

"ನನ್ನ ವೋಟು ನಿನಗಿಲ್ಲ," ಎಂದು ಮೋರಿಸ್ ಅವನ ಕೈಯಿಂದ ಮೈಕ್ ಕಿತ್ತುಕೊಂಡ. ಕೋಟಿನ ಗುಂಡಿ ಹಾಕಿಕೊಂಡ. ಮೈಕಿಗೆ ಎರಡು ಸಲ ಊದಿ, ಗಂಟಲು ಸರಿಮಾಡಿ, ಸಭಾಂಗಣದ ಕೊನೆಯ ಸಾಲಿನತ್ತ ನೋಡಿ ಕೇಳಿದ:

"ಹಿಂದೆ ಕೂತವರಿಗೆ ಕೇಳ್ತದಾ?"

ಎಡಗಡೆಯಿಂದಲೂ ಬಲಗಡೆಯಿಂದಲೂ ಒಂದೇ ಸಲ ಉತ್ತರ ಬಂತು.

"ಕೇಳ್ತದೆ."