ಜೋಳದ ಕೋಣೆಯ ಜಗಲಿ

ನೀಲಗಂಗವ್ವ ಇನ್ನಿಲ್ಲವೆಂದು ಸಿಂದಗಿಯ ಡಾಕ್ಟರು ಹೇಳಿದ ಸೋಮವಾರವೇ, ಕನ್ನೊಳ್ಳಿಯ ಮನೆಯಂಗಳಕ್ಕೆ ಅವಳ ಶವವನ್ನು ತಂದು ಕೂಡಿಸಿದರು. ಜೋಳದ ಚೀಲಗಳಿಗೆ ಹುಳ ಕೊಲ್ಲುವ ವಿಷದ ಗುಳಿಗೆ ಇಟ್ಟು ಮುಚ್ಚಿದ್ದ ಕೋಣೆಯಲ್ಲೇ ದೇವರ ಜಗಲಿಯೂ ಇತ್ತು. ಬೆಳಗಿನ ದೀಪ ತಪ್ಪಬಾರದೆಂದು ಅವಳು ಬಾಗಿಲು ತೆಗೆದು ಒಳಗೆ ಹೋಗಿ ಪೂಜೆಗೆ ಕುಳಿತಿದ್ದಳು. ಗುಳಿಗೆಯ ವಿಷಗಾಳಿ ಅವಳನ್ನು ಮೇಲೇಳಗೊಡಲಿಲ್ಲ.

ಈಗ ಅತ್ತೆಯ ಹಣೆಗೆ ಮನೆದೇವರ ವಿಭೂತಿ ತರಲು ಸೊಸೆ ರಾಜೇಶ್ವರಿ ಅದೇ ಕೋಣೆಯತ್ತ ಹೊರಟಳು. ಒಂದು ಹೊತ್ತೂ ಪೂಜೆ ಬಿಟ್ಟವರಲ್ಲದ ಮಾವ ಬಸಂತರಾಯರು ಮನೆಯ ಹೊಸ್ತಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿದರು.

“ಉಸಿರು ಬಿಗಿಹಿಡಿದು ಹೋಗಿ ಬರ್ತೇನ್ರಿ, ಮಾವಾರ. ದೀಪಾನೂ ಹಚ್ಚಿಲ್ಲ.”

“ಬ್ಯಾಡವ್ವ. ವಿಷಗಾಳಿ ಹೋಗೂ ತನಕ ಯಾರೂ ಒಳಗ ಹೋಗೂದಿಲ್ಲ.”

“ಏನ್ರಿ ಗೌಡ್ರ, ದೇವರ್ನ ಕತ್ತಲದಾಗ ಕೂಡಸ್ತೀರೇನು?” ಎಂದು ನೆರೆಮನೆಯ ಮುದುಕಿ ಗದರಿದಳು.

“ಕೂಡ್ಲಿ ಬಿಡವ್ವ. ಅವಂಗೇನ್ ಉಸಿರು ಕಟ್ಟೂದಿಲ್ಲ. ಈ ಸೊಸಿ ಕೂಸಿಗೆ ಕಟ್ತೈತಿ.”

ಅವರು ಮನೆಯ ಬಾಗಿಲೆಳೆದು ಬೀಗ ಹಾಕಿದರು. ಆ ಮುದುಕಿಯ ಮನೆಯ ವಿಭೂತಿಯನ್ನೇ ಬೇಡಿ ತರಿಸಿ, ಹೆಂಡತಿಯ ಹಣೆಗೆ ಹಚ್ಚಿದರು.

“ಶಿವನೇ, ನಿನಗ ದೀಪ ಹಚ್ಚಾಕಂತ ಹೋದಾಕಿ. ನಿನ್ನ ಪಾದದಾಗ ಇಟ್ಕೊ. ಆಕಿ ಜೀವಕ್ಕ ಶಾಂತಿ ಕೊಡು.”