ಜಗಲಿಯ ಮೇಲೆ ಬಿಟ್ಟ ಬೂಟು

ಬರಿಗಾಲಲ್ಲಿ ದುಡಿಯುವವರಿಗೆ ಚಪ್ಪಲಿ ಕೊಡಿಸಲು ಹಣ ಕೂಡಿಸುತ್ತ ಪಟ್ಟಣದಿಂದ ಹೊರಟ ಪಾದಯಾತ್ರೆ ಅದು. ಆ ರಾತ್ರಿಯ ಬಿಡಾರ ಒಂದು ಹಳ್ಳಿಯ ಶಾಲೆಯಲ್ಲಿ. ಸಂಜೆಯ ಸಭೆಯಲ್ಲಿ ಯಾತ್ರೆಯ ಮುಖಂಡರು ಮೈಕು ಹಿಡಿದು, "ಇನ್ನು ಈ ಊರಲ್ಲಿ ಯಾರೂ ಬರಿಗಾಲಲ್ಲಿ ಓಡಾಡಬಾರದು! ಅದಕ್ಕೇ ನಾವು ನಡೆದು ಬಂದಿದ್ದೇವೆ!" ಎಂದು ಗುಡುಗಿದರು. ಭರ್ಜರಿ ಚಪ್ಪಾಳೆ ಬಿತ್ತು. ತರಗತಿಯೊಳಗೆ ಸರಸ್ವತಿಯ ಪಟವಿದ್ದುದರಿಂದ ಎಲ್ಲರೂ ಬೂಟುಗಳನ್ನು ಜಗಲಿಯ ಮೇಲೆ ಬಿಟ್ಟು ಒಳಗೆ ಹೋಗಿ, ಬಿದ್ದಲ್ಲೇ ಗೊರಕೆ ಹೊಡೆದರು.

ಬೆಳಿಗ್ಗೆ ಎದ್ದು ನೋಡಿದರೆ ಜಗಲಿ ಖಾಲಿ.

"ಕಳ್ಳರ ಊರು ಕಣ್ರೀ ಇದು! ಪೊಲೀಸರಿಗೆ ಫೋನ್ ಮಾಡಿ!" ಎನ್ನುತ್ತ ಮುಖಂಡರು ಅಂಗಳಕ್ಕೆ ಧುಮುಕಿದರು. ಜಲ್ಲಿಕಲ್ಲು ಚುಚ್ಚಿ ಅಲ್ಲೇ ಕುಣಿದಾಡಿದರು.

ಅಷ್ಟರಲ್ಲಿ ಹೆಡ್‌ಮಾಸ್ತರು ಊರವರನ್ನೆಲ್ಲ ಕಟ್ಟಿಕೊಂಡು, ಹಾರ ಹಿಡಿದು ಬಂದರು.

"ಏನ್ ಮೇಷ್ಟ್ರೇ, ನಮ್ಮ ಬೂಟೆಲ್ಲಿ?"

"ನೀವೇನೂ ಯೋಚನೆ ಮಾಡಬೇಡಿ ಸಾರ್. ಪಾಪ, ದಣಿದು ಮಲಗಿದ್ರಿ. ಎಬ್ಬಿಸೋದು ಬೇಡ ಅಂತ ನಾವೇ ಹಂಚಿಬಿಟ್ವಿ. ಒಂದು ಜೊತೆನೂ ಉಳಿಸಿಲ್ಲ!"

ವಾಪಸ್ ಕೇಳೋಣವೆಂದರೆ ಪತ್ರಿಕೆಯವನು ಎದುರಿಗೇ ನಿಂತು ಫೋಟೋ ತೆಗೆಯುತ್ತಿದ್ದ. ಮುಖಂಡರು ಹಾರಕ್ಕೆ ಕತ್ತು ಬಗ್ಗಿಸಿ, ಇದ್ದಬದ್ದ ಹಲ್ಲೆಲ್ಲ ಬಿಟ್ಟು ನಕ್ಕರು.

ಗುಂಪಿನಿಂದ ಒಬ್ಬ ಮುದುಕಿ, ಅವರದೇ ಬಿಳಿ ಬೂಟು ಮೆಟ್ಟಿಕೊಂಡು ಟಪಟಪ ಮುಂದೆ ಬಂದು ಕೈಮುಗಿದಳು.

"ದಾನ ಮಾಡಿದ್ದು ಒಳ್ಳೇದಾಯ್ತು ಕಣಪ್ಪ. ಆದ್ರೆ ಕೊಡೋಕೆ ಮುಂಚೆ ಒಂದ್ಸಲ ತೊಳೆದಾದ್ರೂ ಕೊಡಬಾರದಿತ್ತಾ?"